ಸಾಹುಕಾರನ ಅಳತೆಹಗ್ಗ

ಶರೀರ ಶಾಶ್ವತವಲ್ಲ ಅಂತ ಈಗ ತಾನೇ ಪ್ರವಚನದಲ್ಲಿ ಹೇಳಿದೆ. ನೀವೆಲ್ಲ ತಲೆ ಆಡಿಸಿದಿರಿ. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಸ್ವಲ್ಪ ಜಾಸ್ತಿಯೇ ಆಡಿಸಿದರು. ನನಗೆ ಅನುಮಾನ ಬರುವುದೇ ಅಲ್ಲಿ. ಇಷ್ಟು ದೊಡ್ಡ ಮಾತನ್ನು ಇಷ್ಟು ಬೇಗ ಒಪ್ಪಿದಿರಿ ಅಂದರೆ, ನಾನು ಪಕ್ಕದ ಮನೆಯವರ ಶರೀರದ ಬಗ್ಗೆ ಹೇಳುತ್ತಿದ್ದೇನೆ ಅಂತ ತಿಳಿದುಕೊಂಡಿದ್ದೀರಿ. ಇಲ್ಲ, ನಿಮ್ಮದರ ಬಗ್ಗೆಯೇ ಹೇಳುತ್ತಿದ್ದೇನೆ. ಅದಕ್ಕೊಂದು ದೃಷ್ಟಾಂತ ಕೇಳಿ.

ಒಂದು ಊರು. ಆ ಊರಿಗೊಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನಿಮ್ಮಲ್ಲಿ ಅದೇ ಹೆಸರಿನವರು ಯಾರಾದರೂ ಇರುತ್ತಾರೆ, ಎದ್ದು ಹೋಗುತ್ತಾರೆ, ಪ್ರಸಾದದ ಲೆಕ್ಕ ತಪ್ಪುತ್ತದೆ. ಸಾಹುಕಾರ ಅಂದರೆ ಸಾಕು. ಹತ್ತಿ ವ್ಯಾಪಾರ, ಊರ ನಡುವೆ ದೊಡ್ಡ ಮನೆ, ಮನೆಯ ಮುಂದೆ ಗೋದಾಮು, ಗೋದಾಮಿನ ಮುಂದೆ ಒಂದು ಬಯಲು. ದೇವರು ಎಲ್ಲ ಕೊಟ್ಟಿದ್ದ. ಆದರೆ ಸಾಹುಕಾರನಿಗೆ ಹೆಮ್ಮೆ ಇದ್ದದ್ದು ಹತ್ತಿಯ ಮೇಲಲ್ಲ, ಮನೆಯ ಮೇಲಲ್ಲ. ತನ್ನ ಕಾಲುಗಳ ಮೇಲೆ. ನೋಡಿ, ಅವನು ಕಬಡ್ಡಿ ಆಟಗಾರ.

ಹುಡುಗನಾಗಿದ್ದಾಗ ಸುತ್ತಲಿನ ಊರುಗಳಲ್ಲೆಲ್ಲ ಅವನಂಥ ದಾಳಿಗಾರ ಇರಲಿಲ್ಲ. ಇದು ನಿಜ, ಇದರಲ್ಲಿ ಸುಳ್ಳಿಲ್ಲ. ಕಬಡ್ಡಿ ಕಬಡ್ಡಿ ಅನ್ನುತ್ತ ನಡುಗೆರೆ ದಾಟಿ ಒಳಗೆ ಹೋದನೆಂದರೆ ಎದುರಿನ ತಂಡದ ಒಬ್ಬರನ್ನೋ ಇಬ್ಬರನ್ನೋ ಮುಟ್ಟಿ, ಹಿಡಿಯಲು ಬಂದವರ ಕೈಯಿಂದ ಜಾರಿ, ದಮ್ಮು ಮುಗಿಯುವ ಮುಂಚೆ ಮರಳಿ ಗೆರೆ ಮುಟ್ಟುತ್ತಿದ್ದ. ಎಡಗಾಲು ಮುಂದಿಟ್ಟಂತೆ ಮಾಡಿ ಬಲಗಾಲು ಚಾಚುವ ಒಂದು ಪಟ್ಟು ಅವನದು. ಆ ಪಟ್ಟಿಗೆ ಸಿಕ್ಕವರು ಯಾವ ಕಾಲು ಹಿಡಿಯಬೇಕು ಅಂತ ಯೋಚಿಸುವಷ್ಟರಲ್ಲಿ ಔಟಾಗಿ ಹೊರಗೆ ಕೂತಿರುತ್ತಿದ್ದರು.

ಸರಿ. ಹುಡುಗ ಗಂಡಸಾದ, ಗಂಡಸು ಅಪ್ಪನಾದ, ಅಪ್ಪ ಅಜ್ಜನಾದ. ಕೂದಲು ಹೋಯಿತು. ಹೊಟ್ಟೆ ಬಂತು. ಕನ್ನಡಕ ಬಂತು. ಎಲ್ಲರಿಗೂ ಆಗುವುದೇ. ಆದರೆ ಕಬಡ್ಡಿ ಮಾತ್ರ ಹೋಗಲಿಲ್ಲ. ಪ್ರತಿವರ್ಷ ನಾಗರ ಪಂಚಮಿಯ ಮರುದಿನ ಅವನ ಮನೆಯ ಮುಂದಿನ ಬಯಲಿನಲ್ಲಿ ಪಂದ್ಯ. ಸುತ್ತಲಿನ ಊರಿನ ತಂಡಗಳು ಬರುತ್ತಿದ್ದವು. ಸಾಹುಕಾರ ಕನ್ನಡಕ ತೆಗೆದು ಹೆಂಡತಿಯ ಕೈಗೆ ಕೊಟ್ಟು, ಧೋತರ ಕಳಚಿ ಚಡ್ಡಿಯ ಮೇಲೆ ಅಂಕಣಕ್ಕೆ ಇಳಿಯುತ್ತಿದ್ದ. ಮೊದಲ ದಾಳಿ ಅವನದೇ. ಮತ್ತು ಕೇಳಿ, ಗೆದ್ದೇ ಬರುತ್ತಿದ್ದ.

ಈಗ ನೀವೇ ಹೇಳಿ. ಅಜ್ಜನಾದ ಮನುಷ್ಯ, ಮೆಟ್ಟಿಲು ಹತ್ತಿದರೆ ನಡುವೆ ಒಮ್ಮೆ ನಿಂತು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುವ ಮನುಷ್ಯ, ಕಬಡ್ಡಿಯಲ್ಲಿ ಹುಡುಗರನ್ನು ಮುಟ್ಟಿ ಬರುತ್ತಾನೆ. ಹೇಗೆ? ಯಾಕೆ? ಈ ಪ್ರಶ್ನೆ ಯಾರಿಗೆ ಬರಬೇಕಿತ್ತು? ಸಾಹುಕಾರನಿಗೆ ಬರಬೇಕಿತ್ತು. ಬರಲಿಲ್ಲ. ನಮಗೆ ಅನುಕೂಲವಾದದ್ದಕ್ಕೆ ನಾವು ಯಾವತ್ತು ಕಾರಣ ಕೇಳಿದ್ದೇವೆ?

ಅವನ ಹತ್ತಿರ ಒಂದೇ ಉತ್ತರ ಇತ್ತು. ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ: "ವಯಸ್ಸು ಅನ್ನೋದು ಮನಸ್ಸಿನಾಗ ಇರತೈತಿ. ನಾನು ಮನಸ್ಸಿಗೆ ಬಾಗಲಾ ತೆಗದಿಲ್ಲ. ನಿಮಗ ಯಾಕ ವಯಸ್ಸಾಗತೈತಿ ಗೊತ್ತನು? ನೀವು ಅದಕ್ಕ ಚಾಪಿ ಹಾಸಿ ಕುಂದರಸ್ತೀರಿ."

ಮನೆಯಲ್ಲೂ ಇದೇ ಮಾತು. ಅವನ ಹೆಂಡತಿ ನೀರು ತರುವ ದೊಡ್ಡ ತಾಮ್ರದ ಕೊಡವನ್ನು ಅಟ್ಟಕ್ಕೆ ಹಾಕಿ, ಪೇಟೆಯಿಂದ ಒಂದು ಸಣ್ಣ ಕೊಡ ತರಿಸಿಕೊಂಡಿದ್ದಳು. ಸಾಹುಕಾರ ಅದನ್ನು ನೋಡಿ ನಕ್ಕ. "ಮುದುಕಿ ಆದಿ ನೀ," ಅಂದ. ಅವಳು ಸಣ್ಣ ಕೊಡದಲ್ಲಿ ನೀರು ತಂದು ದೊಡ್ಡ ಹಂಡೆ ತುಂಬಿಸಿದಳು. ಎರಡು ಸಲ ಜಾಸ್ತಿ ಓಡಾಡಿದಳು, ಅಷ್ಟೇ.

ಈ ಕತೆಯಲ್ಲಿ ಇನ್ನೊಬ್ಬನಿದ್ದಾನೆ. ಸಾಹುಕಾರನ ತಂಗಿಯ ಮಗ, ಮಗಳನ್ನು ಕೊಟ್ಟು ಅಳಿಯನನ್ನೂ ಮಾಡಿಕೊಂಡಿದ್ದ. ಅಳಿಯನ ಕಾಲುಗಳು ಸಾಹುಕಾರನ ಹಳೆಯ ಕಾಲುಗಳೇ. ಅದೇ ಓಟ, ಅದೇ ಪಟ್ಟು, ಮಾವನನ್ನು ನೋಡಿ ನೋಡಿ ಕಲಿತದ್ದು. ಆದರೆ ಅವನು ದಾಳಿಗೆ ಹೋಗಿರಲಿಲ್ಲ. ಯಾಕೆಂದರೆ ದಾಳಿಗಾರನ ಜಾಗ ಖಾಲಿ ಇರಲಿಲ್ಲ. ಅಂಕಣದ ಹೊರಗೆ ಟವೆಲ್ ಹಿಡಿದು ಕೂರುತ್ತಿದ್ದ. ಮಾವ ಬೆವರಿ ಬಂದರೆ ಟವೆಲ್ ಕೊಡುತ್ತಿದ್ದ. ಪ್ರತಿವರ್ಷ ಸಾಹುಕಾರ ಮುಖ ಒರೆಸಿಕೊಂಡು ಟವೆಲ್ ಹಿಂದಕ್ಕೆ ಕೊಡುತ್ತ ಹೇಳುತ್ತಿದ್ದ: "ಮುಂದಿನ ವರ್ಷ ನೀನ ಹೋಗು, ಆತಿಲ್ಲೋ?"

"ಹೂಂ ಮಾವ," ಅನ್ನುತ್ತಿದ್ದ ಅಳಿಯ.

ಮುಂದಿನ ವರ್ಷ. ಅದರ ಮುಂದಿನ ವರ್ಷ. ಅದರ ಮುಂದಿನ ವರ್ಷ. ಮೊದಲ ಸಲ ಟವೆಲ್ ಹಿಡಿದಾಗ ಅಳಿಯನಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗ ಆ ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು ಕಾಣುತ್ತಿದ್ದವು. ಸಾಹುಕಾರ ಅದನ್ನು ಗಮನಿಸಲಿಲ್ಲ. ಕನ್ನಡಕ ಹೆಂಡತಿಯ ಕೈಯಲ್ಲಿತ್ತಲ್ಲ.

ಇನ್ನು ಆ ಊರಿನ ಒಂದು ಪದ್ಧತಿ ಹೇಳಬೇಕು. ಆ ಊರಲ್ಲಿ ಕಬಡ್ಡಿ ಅಂಕಣವನ್ನು ಟೇಪು ಹಿಡಿದು ಅಳೆಯುತ್ತಿರಲಿಲ್ಲ. ಸಾಹುಕಾರನ ಅಪ್ಪನ ಕಾಲದ ಒಂದು ಅಳತೆಹಗ್ಗ ಇತ್ತು. ನಡುಗೆರೆಯಿಂದ ಹಿಂದಿನ ಗೆರೆಯವರೆಗೆ ಒಂದು ಹಗ್ಗ. ಆ ಕಡೆಗೂ ಒಂದು ಹಗ್ಗ, ಈ ಕಡೆಗೂ ಒಂದು ಹಗ್ಗ, ಮುಗಿಯಿತು ಅಂಕಣ. ಅದನ್ನು ಸಾಹುಕಾರನ ಮನೆಯ ದೇವರ ಕೋಣೆಯಲ್ಲಿ ಗೂಟಕ್ಕೆ ತೂಗುಹಾಕುತ್ತಿದ್ದರು. ಪಂಚಮಿಯ ಮರುದಿನ ಅದಕ್ಕೆ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಗೆರೆ ಎಳೆಯುವವನ ಕೈಗೆ ಕೊಡಬೇಕು. ಗೆರೆ ಎಳೆಯುವವನು ದ್ಯಾವಪ್ಪ. ಅಯ್ಯೋ, ಹೆಸರು ಹೇಳುವುದಿಲ್ಲ ಅಂದು ಹೇಳಿಬಿಟ್ಟೆ. ಹೋಗಲಿ, ದ್ಯಾವಪ್ಪ ಯಾರಾದರೂ ಇದ್ದರೆ ಕೂತಿರಿ, ನಿಮ್ಮ ತಪ್ಪು ಈ ಕತೆಯಲ್ಲಿ ಏನೂ ಇಲ್ಲ. ದ್ಯಾವಪ್ಪ ಹಗ್ಗ ಹಾಸುವವನು, ಹಗ್ಗ ಮುಗಿದಲ್ಲಿ ಸುಣ್ಣ ಸುರಿಯುವವನು. ಪೂಜೆ ಮಾಡಿದ ಹಗ್ಗವನ್ನು ಅನುಮಾನಿಸುವುದು ಅವನ ಕೆಲಸವಲ್ಲ.

ಹೀಗಿರುವಾಗ ಒಂದು ವರ್ಷ ಶ್ರಾವಣದ ಮಳೆ ಜೋರಾಯಿತು. ಗೋದಾಮಿನ ಮುಂದಿನ ಬಯಲು ಕೆಸರಾಗಿ ಎಮ್ಮೆಗಳು ಮಲಗುವ ಹಾಗಾಯಿತು. ಪಂದ್ಯ ಬಿಡುವಂತಿಲ್ಲ. ಯಾಕೆಂದರೆ ಆ ಸಲ ತಾಲೂಕು ತಂಡಕ್ಕೆ ಆಟಗಾರರನ್ನು ಆರಿಸಲು ಒಬ್ಬ ಡ್ರಿಲ್ ಮಾಸ್ತರರು ಬರುವವರಿದ್ದರು, ಅಂಪೈರ್ ಕೆಲಸವನ್ನೂ ಅವರೇ ಮಾಡುವವರಿದ್ದರು. ಪಕ್ಕದ ಊರಿನವರು ಹೇಳಿ ಕಳಿಸಿದರು: ನಮ್ಮ ಶಾಲೆಯ ಗ್ರೌಂಡಿನಲ್ಲಿ ಗರಸು ಮಣ್ಣು ಹಾಕಿದೆ, ಎಷ್ಟು ಮಳೆ ಬಂದರೂ ನೀರು ನಿಲ್ಲುವುದಿಲ್ಲ, ಇಲ್ಲೇ ಆಡೋಣ ಬನ್ನಿ.

ಹೊರಡುವ ದಿನ ಸಾಹುಕಾರನ ಮಗಳು ಧೈರ್ಯ ಮಾಡಿ ಅಪ್ಪನ ಮುಂದೆ ನಿಂತಳು. "ಅಪ್ಪಾ, ಈ ಸಲ ಅವರನ್ನ ರೈಡಿಗೆ ಕಳಸ್ರಿ. ತಾಲೂಕ ಟೀಮಿಗೆ ಸೇರಬೇಕಂದ್ರ ಇದ ಕಡೀ ಅವಕಾಶ. ಮುಂದಿನ ವರ್ಷಕ್ಕ ವಯಸ್ಸು ದಾಟತೈತಿ."

"ಯಾರದು?" ಅಂದ ಸಾಹುಕಾರ.

"ಅವರದು."

"ನಿನ್ನೆ ಮೊನ್ನೆ ಹುಟ್ಟಿದ ಹುಡುಗ. ಅವಂದೆಂಥ ವಯಸ್ಸು? ನನ್ನ ನೋಡು. ನಾನ ಇನ್ನೂ ಆಡಾಕತ್ತೇನಿ. ಮೊದಲ ಎರಡು ರೈಡ್ ನಾನು ಹೋಗಿ ದಾರಿ ಮಾಡಿಕೊಡ್ತೀನಿ, ಆಮ್ಯಾಲ ಅವ ಬರಲಿ." ಹಾಗಂದು ಕನ್ನಡಕವನ್ನು ಮನೆಯಲ್ಲೇ ಹೆಂಡತಿಯ ಕೈಗೆ ಕೊಟ್ಟು ಹೊರಟ.

ಎರಡು ರೈಡ್. ಕೇಳಿದಿರಲ್ಲ? ನೀವೂ ಹೇಳಿದ್ದೀರಿ ಈ ಮಾತು. ಎರಡು ವರ್ಷ ನಾನು ನೋಡಿಕೊಂಡು ಆಮೇಲೆ ಮಗನ ಕೈಗೆ ಕೊಡುತ್ತೇನೆ. ಎರಡು ಹಬ್ಬ ನಾನೇ ಮಾಡಿ ಆಮೇಲೆ ಸೊಸೆಗೆ ಬಿಡುತ್ತೇನೆ. ಇರಲಿ, ಅದಕ್ಕೆ ಆಮೇಲೆ ಬರೋಣ.

ಪಕ್ಕದ ಊರಿನ ಶಾಲೆಯ ಗ್ರೌಂಡು. ಜನ ಕಿಕ್ಕಿರಿದಿದ್ದಾರೆ. ಡ್ರಿಲ್ ಮಾಸ್ತರರು ಕೊರಳಿಗೆ ಸೀಟಿ ಹಾಕಿಕೊಂಡು ನಿಂತಿದ್ದಾರೆ. ಸಾಹುಕಾರ ಬಂದಾಗ ಅವರ ಕಣ್ಣು ಅಳಿಯನ ಮೇಲೆ ಹೋಯಿತು. ಎತ್ತರ, ಗಟ್ಟಿ ತೊಡೆ, ದಾಳಿಗಾರನೆಂದರೆ ಇವನೇ ಇರಬೇಕು ಅಂದುಕೊಂಡರು. ಆ ದಾಳಿಗಾರ ಟವೆಲ್ ಹಿಡಿದು ಹೊರಗೆ ಕೂತ. ಅವನ ಪಕ್ಕದಲ್ಲಿದ್ದ ಅಜ್ಜ ಧೋತರ ಕಳಚಿ ಒಳಗೆ ಬಂದ. ಮಾಸ್ತರರು ಸೀಟಿಯನ್ನು ಬಾಯಿಗೆ ಇಟ್ಟುಕೊಂಡವರು ಊದುವುದನ್ನು ಮರೆತರು.

ಸಾಹುಕಾರ ನೆಲ ಮುಟ್ಟಿ ನಮಸ್ಕರಿಸಿದ. ಉಸಿರು ತುಂಬಿಕೊಂಡ. ಕಬಡ್ಡಿ ಕಬಡ್ಡಿ ಕಬಡ್ಡಿ, ಹೊರಟ.

ಎಂದಿನಂತೆ ಹೋದ, ಎಂದಿನ ಜಾಗದಲ್ಲಿ ಎಡಗಾಲು ತೋರಿಸಿದ, ಎಂದಿನ ಜಾಗದಲ್ಲಿ ಬಲಗಾಲು ಚಾಚಿದ. ಅಲ್ಲಿ ಯಾರೂ ಇರಲಿಲ್ಲ. ಬರೀ ಗಾಳಿ. ಎದುರಿನ ಹುಡುಗರು ಇನ್ನೂ ಹಿಂದೆ, ಬಹಳ ಹಿಂದೆ ಸಾಲಾಗಿ ನಿಂತು ಇವನನ್ನೇ ನೋಡುತ್ತಿದ್ದರು. ಸಾಹುಕಾರ ಇನ್ನೂ ಮುಂದೆ ಹೋದ. ಅವರು ಇನ್ನೂ ದೂರ ಇದ್ದರು. ಕಬಡ್ಡಿ ಕಬಡ್ಡಿ ಅನ್ನುವುದು ಕಬ್ಡಿ ಕಬ್ಡಿ ಆಯಿತು. ಕಬ್ಡಿ ಕಬ್ಡಿ ಅನ್ನುವುದು ಬಡಿ ಬಡಿ ಆಯಿತು. ತಿರುಗಿ ನೋಡಿದ. ಅಯ್ಯೋ ಶಿವನೇ, ನಡುಗೆರೆ ಎಲ್ಲಿದೆ? ಅದು ಮುಂದಿನ ಊರಲ್ಲಿದ್ದ ಹಾಗೆ ಕಂಡಿತು. ಓಡಿದ. ಗೆರೆ ಮುಟ್ಟಲು ಇನ್ನೂ ಬೇಕಾದಷ್ಟು ಜಾಗ ಇರುವಾಗಲೇ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಸೀಟಿ ಕೂಗಿತು. ಔಟ್.

ಯಾರೂ ಮುಟ್ಟಲಿಲ್ಲ, ಯಾರೂ ಹಿಡಿಯಲಿಲ್ಲ. ಒಬ್ಬನೇ ಹೋಗಿ, ಒಬ್ಬನೇ ಔಟಾಗಿ, ಒಬ್ಬನೇ ಬಂದ.

ಎರಡನೆಯ ಸಲ ಒಳಗೆ ಬಂದಾಗ ಹಠ ಹಿಡಿದು ಜೋರಾಗಿ ಓಡಿದ. ಈ ಸಲ ಒಬ್ಬ ಹುಡುಗ ಬಂದು ಮೊಣಕಾಲು ಹಿಡಿದುಕೊಂಡ. ಬಹಳ ಮರ್ಯಾದೆಯಿಂದ ಹಿಡಿದ. ಹಿಡಿದುಕೊಂಡೇ ಕೇಳಿದ: "ಅಜ್ಜಾರ, ಪೆಟ್ಟಾತೇನ್ರಿ?"

ಪೆಟ್ಟು ಎಲ್ಲಿ ಆಯಿತು ಅಂತ ನಿಮಗೆ ಗೊತ್ತು. ಜನ ನಕ್ಕರು. ಊರೂರಿನ ಜನ ನಕ್ಕರು. ಅಂಕ ಏರುತ್ತಿತ್ತು, ಇವರ ತಂಡ ಹಿಂದೆ ಬೀಳುತ್ತಿತ್ತು. ಆಗ ಸಾಹುಕಾರನಿಗೆ ಒಂದು ವಿಷಯ ಹೊಳೆಯಿತು. ಏನು ಹೊಳೆಯಿತು? ನನಗೆ ವಯಸ್ಸಾಗಿದೆ ಅಂತಲೋ? ಅಷ್ಟು ಬೇಗ ಹೊಳೆದಿದ್ದರೆ ನಾನು ಈ ಕತೆ ಯಾಕೆ ಹೇಳುತ್ತಿದ್ದೆ? ಅವನು ಅಂಕಣದ ನಡುವೆ ನಿಂತು ಕೈ ಎತ್ತಿದ.

"ಪಂದ್ಯ ನಿಲ್ಲಸ್ರಿ. ಇದು ಮೋಸ. ಇವರು ಗ್ರೌಂಡ್ ದೊಡ್ಡದು ಮಾಡ್ಯಾರ."

ಗದ್ದಲವಾಯಿತು. ಆ ಊರಿನವರು ರೇಗಿದರು. ಸಾಹುಕಾರ ಇನ್ನೂ ರೇಗಿದ. "ನಮ್ಮ ಮನಿಯಾಗ ಅಳತೆಹಗ್ಗ ಐತಿ. ನಮ್ಮಪ್ಪನ ಕಾಲದ್ದು, ಪೂಜೆ ಮಾಡಿದ್ದು. ಅದನ್ನ ತರಸ್ತೀನಿ. ಹಾಸಿ ನೋಡ್ರಿ. ಹಗ್ಗ ಸರಿ ಬಂದ್ರ ನಿಮ್ಮೂರಿಗೆ ನಾ ಕಾಲಿಡೂದಿಲ್ಲ."

ದ್ಯಾವಪ್ಪ ಸೈಕಲ್ ಹತ್ತಿ ಹೋದ. ಎರಡು ಊರಿನ ನಡುವೆ ಒಂದು ಹಳ್ಳ, ಅಷ್ಟೇ. ಸ್ವಲ್ಪ ಹೊತ್ತಿನಲ್ಲೇ ವಾಪಸ್ಸು ಬಂದ. ಸೈಕಲ್ಲಿನ ಹಿಂದೆ ಹಗ್ಗ ಇರಲಿಲ್ಲ. ಹಿಂದೆ ಒಂದು ಆಟೋ ಬಂತು. ಆಟೋದಿಂದ ಸಾಹುಕಾರನ ಹೆಂಡತಿ ಇಳಿದಳು. ಹಗ್ಗ ಅವಳ ಮಡಿಲಲ್ಲಿ ಇತ್ತು, ಕುಂಕುಮ ಹಚ್ಚಿದ ಹಾಗೆಯೇ.

"ನೀ ಯಾಕ ಬಂದಿ?" ಅಂದ ಸಾಹುಕಾರ.

"ಹಗ್ಗ ಕೇಳಿದ್ರಲ್ಲ. ಅದಕ್ಕ ಬಂದೆ," ಅಂದಳು.

ದ್ಯಾವಪ್ಪ ನಡುಗೆರೆಯಿಂದ ಹಗ್ಗ ಹಾಸಿಕೊಂಡು ಹೊರಟ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಹಗ್ಗ ಮುಗಿಯಿತು. ಹಿಂದಿನ ಗೆರೆ ಇನ್ನೂ ದೂರ ಇತ್ತು. ಹಗ್ಗದ ತುದಿಗೂ ಆ ಗೆರೆಗೂ ನಡುವೆ ಒಬ್ಬ ಆಳು ಕಾಲು ಚಾಚಿ ಮಲಗಬಹುದಿತ್ತು. ಸಾಹುಕಾರ ತೊಡೆ ತಟ್ಟಿದ. ಪಂದ್ಯದಲ್ಲಿ ತಟ್ಟದ ತೊಡೆಯನ್ನು ಈಗ ತಟ್ಟಿದ. "ನೋಡಿದ್ರೇನ್ರಿ ಮಾಸ್ತರ? ಹೇಳಲಿಲ್ಲೇನು ನಾನು?"

ಡ್ರಿಲ್ ಮಾಸ್ತರರು ಚೀಲದಿಂದ ಟೇಪು ತೆಗೆದರು. ಅಂಕಣ ಅಳೆದರು. ನಿಯಮದಲ್ಲಿ ಎಷ್ಟು ಇರಬೇಕೋ ಅಷ್ಟೇ ಇತ್ತು. ಆಮೇಲೆ ಅದೇ ಟೇಪನ್ನು ಹಗ್ಗದ ಪಕ್ಕ ಹಾಸಿದರು. "ಸಾವ್ಕಾರ್ರ, ಗ್ರೌಂಡ್ ಬರೋಬ್ಬರಿ ಐತ್ರಿ. ಹಗ್ಗ ಸಣ್ಣದೈತಿ."

ಈಗ ಯಾರೂ ನಗಲಿಲ್ಲ. ದ್ಯಾವಪ್ಪ ಪಾಪ, ಯಜಮಾನರ ಮಾನ ಉಳಿಸಲು ಹೇಳಿದ: "ಹಳೇ ಹಗ್ಗ ರೀ. ಒಣಗಿ ಕುಗ್ಗಿರಬೇಕು."

"ಒಣಗಿಲ್ಲ," ಅಂದಳು ಸಾಹುಕಾರನ ಹೆಂಡತಿ. "ನಾನು ಕೊಯ್ದೇನಿ."

ಸಾಹುಕಾರ ತಿರುಗಿ ನೋಡಿದ.

"ವರ್ಷಕ್ಕ ಒಂದು ಗೇಣು ಕೊಯ್ದೆ. ಪಂಚಮಿ ಹಿಂದಿನ ದಿನ, ಉಂಡಿ ಕಟ್ಟೂಕಿಂತ ಮೊದಲ. ಒಂದು ವರ್ಷ ನೀವು ಗೆರಿ ಮುಟ್ಟಾಕ ಆಗದ ಬಂದ್ರಿ, ನೆನಪೈತನು? ಮನಿಗೆ ಬಂದು ಗ್ವಾಡೀ ಕಡೆ ಮಾರಿ ಮಾಡಿ ಮಲಗಿದ್ರಿ. ಉಣ್ಣಲಿಲ್ಲ. ಮಾತಾಡಲಿಲ್ಲ. ನಾ ಕಟ್ಟಿದ ಉಂಡಿ ಹಂಗ ಉಳದ್ವು. ಮರುವರ್ಷ ಮತ್ತ ಹಂಗ ಆಗಬಾರದಂತ ಒಂದು ಗೇಣು ಕೊಯ್ದೆ. ನೀವು ಗೆದ್ದು ಬಂದ್ರಿ. ನಗಾಕತ್ತಿದ್ರಿ. ಆಮ್ಯಾಲ ಬಿಡಾಕ ಆಗಲಿಲ್ಲ ನೋಡ್ರಿ."

"ಉಳಿದವರು? ಬ್ಯಾರೆ ಊರಿನವರು? ಅವರಿಗೆ ಗೊತ್ತಾಗಲಿಲ್ಲೇನು?" ಅಂದ ಸಾಹುಕಾರ. ದನಿ ಸಣ್ಣಗಿತ್ತು.

ಪಕ್ಕದ ಊರಿನ ಹಿರಿಯ ಆಟಗಾರನೊಬ್ಬ ನೆಲ ನೋಡುತ್ತ ಹೇಳಿದ: "ಗೊತ್ತಿತ್ರಿ. ಪಂದ್ಯ ಮುಗದ ಮ್ಯಾಲೆ ಅವ್ವಾರು ಕೊಡೂ ಶೇಂಗಾ ಉಂಡಿ ಭಾಳ ಚಲೋ ಇರತಿದ್ವು."

ಸಾಹುಕಾರ ಅಲ್ಲೇ ನಡುಗೆರೆಯ ಮೇಲೆ ಕುಳಿತುಬಿಟ್ಟ. ಅವನ ಕಣ್ಣ ಮುಂದೆ ಮನೆ ಬಂತು. ಕರುವಿನ ಕೊರಳಲ್ಲಿ ಒಂದು ಹಗ್ಗದ ತುಂಡು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಸುತ್ತಿದ್ದು ಒಂದು ತುಂಡು. ಹಿತ್ತಲ ಬಾಗಿಲಿಗೆ ಅಗುಳಿಯ ಬದಲು ಒಂದು. ಮೊಮ್ಮಗನ ತೊಟ್ಟಿಲಿಗೆ ಒಂದು. ಪ್ರತಿದಿನ ನೋಡುತ್ತಿದ್ದ. ಈ ಮನೆಯಲ್ಲಿ ಇಷ್ಟು ತುಂಡು ಹಗ್ಗ ಎಲ್ಲಿಂದ ಬಂತು ಅಂತ ಒಂದು ದಿನವೂ ಕೇಳಿರಲಿಲ್ಲ. ಅವನ ಓಟ ತುಂಡು ತುಂಡಾಗಿ ಮನೆ ತುಂಬ ನೇತಾಡುತ್ತಿತ್ತು, ಅವನು ಅದರ ಪಕ್ಕದಲ್ಲೇ ಕೂತು ಉಂಡಿ ತಿಂದಿದ್ದ.

"ನನ್ನ ಮಾನ ಕಳದಿ," ಅಂದ.

ಆಗ ಅವಳು ಹೇಳಿದ ಮಾತು ಕೇಳಿ. ಈ ಮಾತಿಗಾಗಿಯೇ ನಾನು ಕತೆ ಹೇಳುತ್ತಿದ್ದೇನೆ. ಅವಳು ಅವನ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತಳು, ಕನ್ನಡಕವನ್ನು ಅವನ ಕೈಗೆ ಕೊಟ್ಟಳು. "ನನಗ ದೊಡ್ಡ ಕೊಡ ಎತ್ತಾಕ ಆಗವಲ್ದಾತು. ಸಣ್ಣ ಕೊಡ ತರಿಸಿಕೊಂಡೆ. ನೀರೇನು ಕಡಿಮಿ ಆಗಲಿಲ್ಲ ಮನ್ಯಾಗ. ನೀವು ನಕ್ರಿ. ನಗೋ ಮನಶ್ಯಾಗ ಸಣ್ಣ ಕೊಡ ತಗೋರಿ ಅಂತ ಹೆಂಗ ಹೇಳೂದು? ಅದಕ್ಕ ನಿಮಗ ಗೊತ್ತಾಗದಂಗ ನಿಮ್ಮ ಕೊಡ ಸಣ್ಣದು ಮಾಡಿದೆ. ನಂದೂ ತಪ್ಪ. ಮಾರಿ ಮ್ಯಾಲೆ ಹೇಳಬೇಕಿತ್ತು. ಹೇಳಿದ್ರ ಆ ಹುಡುಗ ಇಷ್ಟು ವರ್ಷ ಟವೆಲ್ ಹಿಡಕೊಂಡು ಕುಂದರತಿರಲಿಲ್ಲ."

ಸಾಹುಕಾರ ಕನ್ನಡಕ ಹಾಕಿಕೊಂಡ. ಹೊರಗೆ ಕೂತ ಅಳಿಯನನ್ನು ನೋಡಿದ. ಮೀಸೆಯಲ್ಲಿನ ಬಿಳಿ ಕೂದಲು ಅವನಿಗೆ ಆವತ್ತೇ ಮೊದಲು ಕಂಡದ್ದು.

ಎದ್ದ. ಎದ್ದು ಹೋಗಿ ಅಳಿಯನ ಕೈಯಿಂದ ಟವೆಲ್ ಕಿತ್ತುಕೊಂಡ. "ಏಳು. ರೈಡಿಗೆ ಹೋಗು."

"ನೀವು ಮಾವ?"

"ನಾ ಮೂಲ್ಯಾಗ ನಿಲ್ತೀನಿ. ಬಂದವರನ್ನ ಹಿಡೀಲಿಕ್ಕೆ ಓಡೂದು ಬೇಕಾಗಿಲ್ಲ."

ಪಂದ್ಯ ಮತ್ತೆ ಶುರುವಾಯಿತು. ಅಳಿಯ ದಾಳಿಗೆ ಹೋದ. ಏನು ಹೇಳಲಿ? ಇಷ್ಟು ವರ್ಷ ಟವೆಲಿನಲ್ಲಿ ಸುತ್ತಿಟ್ಟ ಆಟವನ್ನೆಲ್ಲ ಬಿಚ್ಚಿದ. ಮುಟ್ಟಿದ, ಜಾರಿದ, ಬಂದ. ಮತ್ತೆ ಹೋದ, ಮತ್ತೆ ಬಂದ. ಅಂಕ ಸಮನಾಯಿತು, ಮುಂದಕ್ಕೂ ಹೋಯಿತು. ಆದರೆ ಕಡೆಕಡೆಗೆ ಬರುವಾಗ ಅವನೂ ಸೊಂಟದ ಮೇಲೆ ಕೈ ಇಟ್ಟು ಬಾಗಿ ನಿಲ್ಲುತ್ತಿದ್ದ. ಮೂಲೆಯಿಂದ ಸಾಹುಕಾರ ನೋಡಿದ. ಅವನಿಗೆ ಆ ನಿಲ್ಲುವ ರೀತಿ ಗೊತ್ತಿತ್ತು. ತನಗೆ ಅದು ಶುರುವಾದ ವರ್ಷ ಕೂಡ ಗೊತ್ತಿತ್ತು, ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಕೊನೆಯ ದಾಳಿ ಪಕ್ಕದ ಊರಿನವರದು. ಅವರ ಅತ್ಯಂತ ಚುರುಕಿನ ಹುಡುಗ ಬಂದ. ಅವನು ಮುಟ್ಟಿ ಹೋದರೆ ಆಟ ಅವರದು. ಮೂಲೆಯಲ್ಲಿ ಮುದುಕ ನಿಂತಿದ್ದಾನೆ ಅಂತ ಅವನು ನೇರ ಆ ಕಡೆಗೇ ಬಂದ. ಎಡಗಾಲು ತೋರಿಸಿದ. ಸಾಹುಕಾರ ಎಡಗಾಲಿನ ಕಡೆ ನೋಡಲೇ ಇಲ್ಲ. ಆ ಸುಳ್ಳು ಅವನೇ ಊರಿಗೆಲ್ಲ ಕಲಿಸಿದ್ದು. ಬಲಗಾಲು ಬರುವ ಜಾಗದಲ್ಲಿ ಕೈ ಇಟ್ಟುಕೊಂಡು ಕಾದಿದ್ದ. ಕಾಲು ತಾನಾಗಿ ಬಂದು ಕೈಯಲ್ಲಿ ಕೂತಿತು.

ಹಿಡಿದ. ಹುಡುಗ ಎಳೆದ. ಎತ್ತಿನಂಥ ಹುಡುಗ, ಸಾಹುಕಾರನನ್ನು ಕಾಲಿಗೆ ಕಟ್ಟಿಕೊಂಡೇ ನಡುಗೆರೆಯ ಕಡೆಗೆ ತೆವಳಿದ. ಅಲ್ಲಿಯವರೆಗೆ ಯಾರಿಗೂ ಬೇಡವಾಗಿದ್ದ ಆ ಹೊಟ್ಟೆ ಆವತ್ತು ಊರಿನ ಮಾನ ಕಾಪಾಡಿತು. ಇಷ್ಟು ವರ್ಷ ತಿಂದ ಉಂಡಿಯೆಲ್ಲ ಒಂದೇ ಸಲ ಕೆಲಸಕ್ಕೆ ಬಂತು. ಹುಡುಗ ಕೈ ಚಾಚಿದ. ಬೆರಳ ತುದಿಗೂ ಗೆರೆಗೂ ಒಂದು ಗೇಣು ಉಳಿಯಿತು. ಅಲ್ಲಿಗೆ ಅವನ ದಮ್ಮು ಮುಗಿಯಿತು.

ಒಂದೇ ಒಂದು ಗೇಣು ನೋಡಿ. ಸಾಹುಕಾರನ ಆ ಸಣ್ಣ ಹಗ್ಗ ಹಾಸಿದ್ದರೆ ಹುಡುಗ ಎಂದೋ ಗೆರೆ ಮುಟ್ಟಿರುತ್ತಿದ್ದ. ಅಂಕಣ ಪೂರಾ ಇತ್ತು, ಅದಕ್ಕೇ ಗೆದ್ದರು.

ಕೇಕೆ, ಗುಲಾಲು, ಎಲ್ಲ ಆಯಿತು. ಸಾಹುಕಾರ ಬಾಯಲ್ಲಿ ಸುಣ್ಣ, ಮೂಗಿನಲ್ಲಿ ಗರಸು ತುಂಬಿಕೊಂಡು ಎದ್ದು ಕೂತ. ಡ್ರಿಲ್ ಮಾಸ್ತರರು ಅಳಿಯನ ಹತ್ತಿರ ಬಂದರು. ಸಾಹುಕಾರ ಕಿವಿ ಅಲ್ಲೇ ಇಟ್ಟ.

"ತಮ್ಮಾ, ಭಾರೀ ಆಡಿದಿ. ಇಂಥ ರೈಡರ್ ನಾ ಈ ಕಡೆ ನೋಡಿಲ್ಲ," ಅಂದರು ಮಾಸ್ತರರು. ಆಮೇಲೆ ಅವನ ಭುಜದ ಮೇಲೆ ಕೈ ಇಟ್ಟರು. "ಆದ್ರ ದಮ್ಮು ಮುಗ್ಯಾಕತ್ತೈತಿ. ತಾಲೂಕ ಟೀಮಿಗೆ ಹುಡುಗರನ್ನ ತಗೋಬೇಕಪ. ಐದು ವರ್ಷದ ಹಿಂದ ಎಲ್ಲಿದ್ದಿ ನೀನು?"

ಅಳಿಯ ನಕ್ಕ. "ಅಲ್ಲೇ ಕುಂತಿದ್ದೆ ಸರ್," ಅಂದ, ಅಂಕಣದ ಹೊರಗೆ ಕೈ ತೋರಿಸಿ.

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಸಾಹುಕಾರ ತಡೆದುಕೊಳ್ಳುತ್ತಿದ್ದ. ಅವನು ಟವೆಲ್ ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಮುಖ ಒರೆಸಿದ. ಬೆವರು ಅಷ್ಟೇನೂ ಇರಲಿಲ್ಲ.

ಮನೆಗೆ ಬಂದ ಮೇಲೆ ಹಗ್ಗದ ತುಂಡುಗಳನ್ನೆಲ್ಲ ಬಿಚ್ಚಿ ಮತ್ತೆ ಗಂಟು ಹಾಕಿ ಜೋಡಿಸುತ್ತೇನೆ ಅಂತ ಹೊರಟ. ಹೆಂಡತಿ ತಡೆದಳು. "ಕರ ಬಿಟಗೊಂಡು ಹೋಗತೈತಿ. ಹೊಸಾ ಹಗ್ಗ ತರ್ರಿ." ತಂದ. ಟೇಪು ಹಿಡಿದು ಅಳೆದು, ಅಳಿಯನ ಮನೆಯಲ್ಲಿ ತೂಗುಹಾಕಿಸಿದ. ಮರುವರ್ಷ ಪಂದ್ಯದ ಮುಂಚೆ ಅಳಿಯ ಒಬ್ಬ ಹೊಸ ಹುಡುಗನ ಬೆನ್ನು ತಟ್ಟಿ ಹೇಳುತ್ತಿದ್ದ: "ಮುಂದಿನ ವರ್ಷ ನೀನ ರೈಡಿಗೆ ಹೋಗು, ಆತಿಲ್ಲೋ?" ಮೂಲೆಯಿಂದ ಸಾಹುಕಾರ ಜೋರಾಗಿ ಕೆಮ್ಮಿದ. ಅಳಿಯ ತಿರುಗಿ ನೋಡಿದ, ನಾಚಿಕೊಂಡ, ನಕ್ಕು ಇನ್ನೊಂದು ಮೂಲೆಗೆ ಹೋಗಿ ನಿಂತ.

ಕತೆ ಮುಗಿಯಿತು. ನಿಮ್ಮ ನಗುವೂ ಮುಗಿದಿದ್ದರೆ ಈಗ ನಿಮ್ಮ ಹತ್ತಿರ ಬರುತ್ತೇನೆ.

ಸಾಹುಕಾರನಿಗೆ ವಯಸ್ಸಾದದ್ದು ತಪ್ಪೇ? ಅಲ್ಲ. ಕಾಲಿನ ವೇಗ ಹೋದದ್ದು ತಪ್ಪೇ? ಅಲ್ಲವೇ ಅಲ್ಲ. ದೇವರು ಕಾಲಿನಿಂದ ತೆಗೆದದ್ದನ್ನು ಕಣ್ಣಿಗೆ ಕೊಟ್ಟಿದ್ದ, ಕೈಗೆ ಕೊಟ್ಟಿದ್ದ, ಯಾವ ಕಾಲು ಎಲ್ಲಿ ಬರುತ್ತದೆ ಅನ್ನುವ ತಿಳಿವಳಿಕೆ ಕೊಟ್ಟಿದ್ದ. ಅದನ್ನು ತೆಗೆದುಕೊಳ್ಳಲು ಅವನು ಮೂಲೆಗೆ ಹೋಗಬೇಕಿತ್ತು, ಅಷ್ಟೇ. ಹೋಗಲಿಲ್ಲ. ಹೋಗದೆ ಇದ್ದದ್ದಕ್ಕೆ ಬೆಲೆ ಕೊಟ್ಟವರು ಯಾರು? ಅವನಲ್ಲ. ಅವನು ಉಂಡಿ ತಿಂದ. ಬೆಲೆ ಕೊಟ್ಟವನು ಟವೆಲ್ ಹಿಡಿದು ಕೂತವನು. ನಮ್ಮ ವಯಸ್ಸನ್ನು ನಾವು ಒಪ್ಪದಿದ್ದರೆ ಅದು ಎಲ್ಲಿಗೂ ಓಡಿಹೋಗುವುದಿಲ್ಲ ತಾಯಂದಿರೇ, ಅದು ನಮ್ಮ ಪಕ್ಕದಲ್ಲಿ ಕಾಯುತ್ತ ಕೂತವರ ಮೇಲೆ ಹೋಗಿ ಕೂರುತ್ತದೆ.

ನಿಮ್ಮ ಮನೆಯಲ್ಲಿ ಟವೆಲ್ ಹಿಡಿದು ಕೂತವರು ಯಾರು? ಮಗನಿಗೆ ಅಂಗಡಿಯ ಗಲ್ಲೆಯ ಮೇಲೆ ಇನ್ನೂ ಕೂರಲು ಬಿಡದ ಅಪ್ಪ ಇಲ್ಲಿ ಇದ್ದಾರೆ, ನನಗೆ ಗೊತ್ತು, ಈಗ ಛತ್ತಿನ ಫ್ಯಾನ್ ನೋಡುತ್ತಿದ್ದಾರೆ. ಕೈ ನಡುಗಿದರೂ ರೊಟ್ಟಿ ನಾನೇ ತಟ್ಟುತ್ತೇನೆ ಅಂತ ಸೊಸೆಯನ್ನು ಒಲೆಯ ಹತ್ತಿರ ಬಿಡದ ತಾಯಂದಿರು ಇದ್ದಾರೆ. ಕಣ್ಣು ಮಂಜಾದರೂ ಮೋಟಾರ್ ಸೈಕಲ್ ಕೀಲಿ ಜೇಬಿನಲ್ಲೇ ಇಟ್ಟುಕೊಂಡವರು ಇದ್ದಾರೆ. ಈ ಭಜನಾ ಮಂಡಳಿಯಲ್ಲೇ, ಮೇಲಿನ ಸ್ವರಕ್ಕೆ ದನಿ ಹೋಗದೆ ಇದ್ದರೂ ಮೊದಲ ಹಾಡು ಬಿಡದವರು ಒಬ್ಬರಿದ್ದಾರೆ. ಇವತ್ತು ಮನೆಗೆ ಹೋದ ಮೇಲೆ ಒಂದು ಕೆಲಸ ಬಿಟ್ಟುಕೊಡಿ. ಎಲ್ಲ ಬೇಡ, ಒಂದು. ಮುಂದಿನ ವರ್ಷ ಅನ್ನಬೇಡಿ, ಇವತ್ತೇ. ಕೊಟ್ಟ ಮೇಲೆ ಮನೆ ಬಿಟ್ಟು ಹೋಗಬೇಡಿ, ಮೂಲೆಯಲ್ಲಿ ನಿಲ್ಲಿ. ಮೂಲೆಯಲ್ಲಿ ನಿಂತವರಿಗೂ ಕೆಲಸ ಇದೆ.

ಇನ್ನು ಹಗ್ಗ ಕೊಯ್ಯುವವರೇ, ನಿಮಗೂ ಒಂದು ಮಾತು. ಹಿರಿಯರ ಮನಸ್ಸು ನೋಯುತ್ತದೆ ಅಂತ ಹಿಂದಿನಿಂದ ಗೆರೆ ಸರಿಸುತ್ತೀರಿ. ಅವರು ಮಾಡಿದ ಲೆಕ್ಕವನ್ನು ಗುಟ್ಟಾಗಿ ತಿದ್ದುತ್ತೀರಿ, ಅವರು ಮರೆತದ್ದನ್ನು ಮುಚ್ಚುತ್ತೀರಿ, ಎದುರಿಗೆ ಮಾತ್ರ ನಿಮ್ಮ ಹಾಗೆ ಯಾರಿಗೂ ಬರುವುದಿಲ್ಲ ಅನ್ನುತ್ತೀರಿ. ಅದು ಪ್ರೀತಿ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಪ್ರೀತಿ ಅವರನ್ನು ಒಂದು ದಿನ ಪರರ ಊರಿನಲ್ಲಿ, ಜನರ ನಡುವೆ ಬೀಳಿಸುತ್ತದೆ. ಪಕ್ಕದಲ್ಲಿ ಕೂತು, ಕನ್ನಡಕ ಕೈಗೆ ಕೊಟ್ಟು, ಮುಖ ನೋಡಿ ಹೇಳಿ. ನೀವು ಮೊದಲು ಸಣ್ಣ ಕೊಡ ತಂದುಕೊಂಡು ತೋರಿಸಿ. ಯಾರಾದರೂ ಸಣ್ಣ ಕೊಡ ತಂದರೆ ನಗಬೇಡಿ.

ಈ ಮೈಕಿನ ವಿಷಯವೂ ಇದೆ. ಮೊದಲೆಲ್ಲ ಇದು ನನ್ನಿಂದ ಒಂದು ಮಾರು ದೂರ ಇರುತ್ತಿತ್ತು. ಈಗ ಗಡ್ಡಕ್ಕೆ ತಾಗುತ್ತಿದೆ. ಯಾರು ಸರಿಸಿದ್ದು ಅಂತ ನಾನು ಕೇಳುವುದಿಲ್ಲ. ದನಿ ಕೇಳದಿದ್ದರೆ ನನಗೇ ಹೇಳಿ, ನಮ್ಮ ಮಠದಲ್ಲಿ ಓದಿದ ಕಿರಿಯ ಸ್ವಾಮಿಗಳಿದ್ದಾರೆ, ಅವರು ಮಾತಾಡಲಿ, ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ.

ಈಗ ಏಳುವ ಹೊತ್ತಾಯಿತು. ಬಹಳ ಹೊತ್ತು ನೆಲದ ಮೇಲೆ ಕೂತಿದ್ದೀರಿ, ಮೊಣಕಾಲು ಹಿಡಿದುಕೊಂಡಿರುತ್ತದೆ. ಯಾರೂ ನೋಡದಿರಲಿ ಅಂತ ಚಪ್ಪಲಿ ಹುಡುಕುವ ನೆಪ ಮಾಡಿ ನೆಲಕ್ಕೆ ಕೈ ಊರುವವರು ಇದ್ದೀರಿ. ಇವತ್ತು ನೆಪ ಬೇಡ. ಪಕ್ಕದವರ ಕೈ ಕೇಳಿ. ಕೇಳಿದವರಿಗೆ ಕೊಡಿ. ಹಿಡಿದುಕೊಂಡು ಏಳಿ.